ಗುಂಗುರಿಯ ಜಾಗ

ಜೂನ್ ೪, ಮಂಗಳವಾರ

ಬೆಳಗಿನ ಜಾವ ಕೆಟ್ಟ ಕನಸು. ಶಾಲೆ ಬಿಟ್ಟಿದೆ, ಮಕ್ಕಳೆಲ್ಲ ಅವರವರ ಅಮ್ಮಂದಿರ ಕೈ ಹಿಡಿದು ಹೋಗುತ್ತಿದ್ದಾರೆ. ಕೊನೆಗೆ ನಾನೊಬ್ಬಳೇ ಉಳಿದೆ. ಮಿಸ್ ಬಂದು ಮಡಿಚಿದ ಬೆಡ್‌ಶೀಟ್ ಒಂದನ್ನು ನನ್ನ ಕೈಗಿಟ್ಟು, "ತಗೊಳ್ಳಿ, ಇದೇ ನಿಮ್ಮ ಮಗಳು, ಸೈನ್ ಮಾಡಿ" ಎಂದರು. ನಾನು ಮಡಿಕೆ ಬಿಡಿಸುತ್ತಾ ಹೋದೆ. ಬಿಡಿಸಿದಷ್ಟೂ ಮಡಿಕೆ. ಬಟ್ಟೆ ಅಂಗಳ ತುಂಬಿತು, ಗೇಟು ದಾಟಿ ರಸ್ತೆಗೆ ಹೋಯಿತು, ಮಗು ಮಾತ್ರ ಸಿಗಲಿಲ್ಲ. ಮಿಸ್ ಗಡಿಯಾರ ನೋಡಿಕೊಳ್ಳುತ್ತಾ ನಿಂತಿದ್ದರು.

ಎದ್ದು ನೋಡಿದರೆ ಪುಟ್ಟಿ ಪಕ್ಕದಲ್ಲೇ ಇದ್ದಾಳೆ, ಗೋಡೆಗೆ ಬೆನ್ನು ಒತ್ತಿಕೊಂಡು. ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡಿದೆ. ಏಳು ವರ್ಷದ ಹುಡುಗಿ, ಉಸಿರು ನೋಡುವ ವಯಸ್ಸೇನಲ್ಲ. ಆದರೂ ನೋಡಿದೆ.

ದಿನಚರಿ ಬರೆಯುವುದು ನನ್ನಂಥವಳ ಕೆಲಸವಲ್ಲ. ಆರನೇ ಕ್ಲಾಸಿನಲ್ಲಿ ಒಮ್ಮೆ, ಮತ್ತೆ ಸೇರಿ ಎಂಟರಲ್ಲಿ ಒಮ್ಮೆ ಶಾಲೆ ಬಿಟ್ಟವಳು ನಾನು. ಲಾಂಡ್ರಿಯಲ್ಲಿ ನನ್ನ ಜೊತೆ ಬಟ್ಟೆ ಮಡಿಸುವವಳು ಒಬ್ಬಳಿದ್ದಾಳೆ. ಬಾಯಿ ನಿಲ್ಲುವುದಿಲ್ಲವೆಂದು ಎಲ್ಲರೂ ಅವಳನ್ನು ರೇಡಿಯೋ ಅಂತಲೇ ಕರೆಯುತ್ತೇವೆ. ಅವಳೇ ಹೇಳಿದ್ದು: "ತಲೇಲಿ ಓಡೋದನ್ನೆಲ್ಲ ನನ್ನ ಕಿವಿಗೆ ಸುರೀಬೇಡ ತಾಯಿ, ಒಂದು ಪುಸ್ತಕ ತಗೊಂಡು ಅದಕ್ಕೆ ಸುರಿ. ಅದಕ್ಕಾದ್ರೆ ತಲೆನೋವು ಬರಲ್ಲ."

ನಿನ್ನೆ ಶಾಲೆಗೆ ಕರೆಸಿದ್ದರು. ಹೆಡ್ ಮೇಡಂ, ಕ್ಲಾಸ್ ಮಿಸ್ ಇಬ್ಬರೂ ಇದ್ದರು. ಬೆಲ್ ಹೊಡೆದಾಗ ಪುಟ್ಟಿ ಮೇಜಿನ ಕೆಳಗೆ ನುಗ್ಗಿ ಕಿವಿ ಮುಚ್ಚಿಕೊಂಡಳಂತೆ. ಎಳೆದು ತೆಗೆಯಲು ಹೋದ ಆಯಾಳ ಕೈ ಕಚ್ಚಿದಳಂತೆ. ಮಕ್ಕಳು ಹತ್ತಿರ ಬಂದರೆ "ಬಾಗಿಲುಗಳು ಮುಚ್ಚುತ್ತಿವೆ, ದಯವಿಟ್ಟು ದೂರ ನಿಲ್ಲಿ" ಎನ್ನುತ್ತಾಳಂತೆ. ಅದು ಲಿಫ್ಟಿನೊಳಗಿನ ಹೆಂಗಸಿನ ದನಿ. ನಮ್ಮ ಮನೆಯವರು ಲಿಫ್ಟ್ ರಿಪೇರಿ ಮಾಡುವವರು, ರಜೆಯಲ್ಲಿ ಪುಟ್ಟಿ ಅಪ್ಪನ ಜೊತೆ ಹೋಗಿ ಕಲಿತಿದ್ದಾಳೆ. ನಗು ಬರಬೇಕಾದ ಮಾತು. ಆ ಕೋಣೆಯಲ್ಲಿ ಯಾರೂ ನಗಲಿಲ್ಲ, ನಾನೂ ನಗಲಿಲ್ಲ.

"ಆಟಿಸಂ ಇರಬಹುದು ಅಂತ ನಮಗೆ ಅನುಮಾನ," ಎಂದರು ಹೆಡ್ ಮೇಡಂ. "ಮಕ್ಕಳ ಆಸ್ಪತ್ರೇಲಿ ಇದನ್ನ ನೋಡೋ ಡಾಕ್ಟರ್ ಇದ್ದಾರೆ. ತೋರಿಸಿ ರಿಪೋರ್ಟ್ ತನ್ನಿ. ಮುಂದಿನದು ಆಮೇಲೆ ಯೋಚನೆ ಮಾಡೋಣ."

ಮುಂದಿನದು ಏನೆಂದು ಕೇಳದೆಯೇ ಎದ್ದು ಬಂದೆ. ಆಸ್ಪತ್ರೆಗೆ ಫೋನ್ ಮಾಡಿದೆ. ಇಪ್ಪತ್ತೇಳಕ್ಕೆ ಬನ್ನಿ ಎಂದರು.

ಜೂನ್ ೬, ಗುರುವಾರ

ಬೆಳಗ್ಗೆ ಸಾಕ್ಸಿನ ರಗಳೆ. ಒಳಗಿನ ಹೊಲಿಗೆ ಬೆರಳಿಗೆ ತಾಗಿದರೆ ಕಿರುಚುತ್ತಾಳೆ. ತಿರುವಿ ಹಾಕು ಎನ್ನುತ್ತಾಳೆ. ತಿರುವಿ ಹಾಕಿ ಕಳಿಸಿದರೆ ನೋಡಿದವರು ಏನಂದಾರು? ಹಠ, ಬರೀ ಹಠ. ದಾರಿಯಲ್ಲಿ ಚರಂಡಿ ಅಗೆದಿದ್ದರು, ಆಚೆ ಬೀದಿಯಿಂದ ಹೋಗೋಣ ಎಂದೆ. ರಸ್ತೆ ಮಧ್ಯೆ ಕೂತುಬಿಟ್ಟಳು. ಸ್ಕೂಟರಿನವನೊಬ್ಬ ನಿಲ್ಲಿಸಿ, "ಏನಮ್ಮ, ಮಗೂನ ಬೆಳೆಸೋ ರೀತಿನಾ ಇದು?" ಎಂದ. ಕ್ಷಮಿಸಿ ಎಂದೆ. ಅವನು ನನಗೇನಾಗಬೇಕು, ಯಾಕೆ ಕ್ಷಮೆ ಕೇಳಿದೆನೋ. ಅವಳನ್ನು ಎತ್ತಿಕೊಂಡು ಮಣ್ಣಿನ ರಾಶಿ ಹತ್ತಿ ಹಳೇ ದಾರಿಯಲ್ಲೇ ಹೋದೆ.

ಇವರಿಗೆ ಎಲ್ಲ ಹೇಳಿದೆ. "ಚಿಕ್ಕವನಿದ್ದಾಗ ನಾನೂ ಮಾತು ಕಮ್ಮೀನೇ. ಸರಿಹೋಗುತ್ತೆ ಬಿಡೇ," ಎಂದರು.

"ಈಗೇನು ತುಂಬಾ ಆಡ್ತೀರಾ?"

ನಕ್ಕರು. ನಗಲಿ ಅಂತ ಹೇಳಿದ್ದಲ್ಲ ನಾನು.

ಜೂನ್ ೯, ಭಾನುವಾರ

ಲಾಂಡ್ರಿಗೆ ಭಾನುವಾರವೂ ರಜೆಯಿಲ್ಲ. ಹೋಟೆಲಿನ ಬೆಡ್‌ಶೀಟ್ ಮಡಿಸುವಾಗ ಒಂದು ತುದಿ ನನ್ನದು, ಇನ್ನೊಂದು ತುದಿ ರೇಡಿಯೋದು. ದೂರ ಹೋಗಿ ಎಳೆದು, ಹತ್ತಿರ ಬಂದು ತುದಿಗೆ ತುದಿ ಸೇರಿಸಬೇಕು. ಹತ್ತಿರ ಬಂದಾಗಲೆಲ್ಲ ಅವಳು ಒಂದು ಸುದ್ದಿ ಹೇಳುತ್ತಾಳೆ. ಇವತ್ತು ಅವಳ ಅಣ್ಣನ ಮಗನ ಸುದ್ದಿ ಬಂತು. ಅವನನ್ನೂ ಇದಕ್ಕೇ ತೋರಿಸಿದ್ದರಂತೆ.

"ನಾನೂ ಒಳಗೆ ಕೂತಿದ್ದೆ ಕಣೇ. ಹೆಸರು ಹಿಡಿದು ಕರೀತಾರೆ, ತಿರುಗಿ ನೋಡುತ್ತಾ ಇಲ್ವಾ ಅಂತ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಾ ಅಂತ. ಗೊಂಬೆಗೆ ಊಟ ಮಾಡ್ಸು ಅಂತಾರೆ. ನಿನ್ನ ಫ್ರೆಂಡ್ ಯಾರು, ಅವಳಿಗೆ ಬೇಜಾರಾದ್ರೆ ನಿಂಗೆ ಹೆಂಗೆ ಗೊತ್ತಾಗುತ್ತೆ, ಇಂಥವು."

"ಆಮೇಲೆ?"

"ಆಮೇಲೇನು, ಇದೆ ಅಂತ ಬರೆದುಕೊಟ್ರು. ಅದನ್ನ ತೋರಿಸಿದ್ದೇ ತಡ, ಅವನ ಶಾಲೆಯೋರು ನಮ್ಮ ಕೈಲಾಗಲ್ಲ ಅಂದ್ಬಿಟ್ರು. ಈಗ ಮನೇಲೇ ಇದ್ದಾನೆ. ಕಿಟಕಿ ಹತ್ರ ಕೂತಿರ್ತಾನೆ, ಪಾಪ."

ಕಿಟಕಿ ಹತ್ತಿರ ಕೂತಿರುತ್ತಾನೆ. ಇಡೀ ದಿನ ಇದೇ ಕಿವಿಯಲ್ಲಿ. ನಮ್ಮ ಮನೆಯ ಕಿಟಕಿಗೆ ಎದುರು ಬರೀ ಗೋಡೆ. ಅದನ್ನು ನೋಡುತ್ತಾ ಅವಳು ದೊಡ್ಡವಳಾಗುತ್ತಾಳೆ, ನಾನು ಸತ್ತ ಮೇಲೂ ಕೂತಿರುತ್ತಾಳೆ. ಯಾರು ಅವಳ ತಲೆ ಬಾಚುತ್ತಾರೆ?

ನಾನು ಶಾಲೆ ಬಿಟ್ಟಿದ್ದು ಬೋರ್ಡಿನ ಮುಂದೆ ಬಾಯಿ ಕಟ್ಟಿ ನಿಂತಿದ್ದಕ್ಕೆ. ಉತ್ತರ ಬರುತ್ತಿರಲಿಲ್ಲ, ನಗುತ್ತಿದ್ದರು. ಪುಟ್ಟಿ ಹಾಗೆ ನಿಲ್ಲಬಾರದು. ಅವಳು ಒಮ್ಮೆ ಕೇಳಿದ್ದನ್ನು ಮರೆಯುವವಳಲ್ಲ. ಹೇಳಿಕೊಟ್ಟರಾಯಿತು.

ಜೂನ್ ೧೪, ಶುಕ್ರವಾರ

ದಿನಾ ಕೆಲಸ ಮುಗಿಸಿ ಬಂದ ಮೇಲೆ ಅಭ್ಯಾಸ. ನಾನು ಸ್ಟೂಲಿನ ಮೇಲೆ ಕೂತು ಡಾಕ್ಟರಾಗುತ್ತೇನೆ, ಅವಳು ಎದುರಿಗೆ ಚಾಪೆಯ ಮೇಲೆ. ಇವರಿಗೆ ಹೇಳಿಲ್ಲ. ಇವರು ಬರುವ ಹೊತ್ತಿಗೆ ಮುಗಿಸಿಬಿಡುತ್ತೇವೆ.

ಹೆಸರು ಕರೆದರೆ ತಿರುಗುವುದು ಬಂತು. ಕಣ್ಣು ಮಾತ್ರ ಬರುತ್ತಿಲ್ಲ. "ಕಣ್ಣು ನೋಡಿದ್ರೆ ಮಾತು ಕೇಳ್ಸಲ್ಲ," ಎನ್ನುತ್ತಾಳೆ. ಇದೇನು ಮಾತೋ. ಕೊನೆಗೆ ಒಂದು ಉಪಾಯ ಮಾಡಿದೆ. "ಹುಬ್ಬಿನ ನಡುವೆ ನೋಡು, ಅಲ್ಲಿ ಕಣ್ಣಿಲ್ಲ," ಎಂದೆ. ನೋಡಿದಳು. ಕಣ್ಣೇ ನೋಡಿದ ಹಾಗಿರುತ್ತದೆ. ಖುಷಿಯಲ್ಲಿ ಅಪ್ಪಿಕೊಳ್ಳಲು ಹೋದೆ. ಬಾಗಿಲುಗಳು ಮುಚ್ಚಿದವು.

ಗೊಂಬೆಗೆ ಊಟ ಮಾಡಿಸು ಎಂದರೆ ಖಾಲಿ ಚಮಚವನ್ನು ಗೊಂಬೆಯ ಬಾಯಿಗೆ ಒತ್ತಿ, "ಇದು ಪ್ಲಾಸ್ಟಿಕ್ಕು, ಗಂಟಲಿಲ್ಲ" ಎಂದಳು. ಗಂಟಲಿನ ಮಾತು ಡಾಕ್ಟರ ಮುಂದೆ ಎತ್ತಬೇಡ ಎಂದಿದ್ದೇನೆ.

ಜೂನ್ ೧೯, ಬುಧವಾರ

ಫ್ರೆಂಡಿನ ಪ್ರಶ್ನೆಗೆ ಬಂದು ನಿಂತಿದ್ದೆವು.

"ನಿನ್ನ ಫ್ರೆಂಡ್ ಯಾರು?"

"ಇಲ್ಲ."

"ಇಲ್ಲ ಅನ್ನಬಾರದು ಕಂದ. ಯಾರ ಹೆಸರಾದ್ರೂ ಹೇಳು."

"ಯಾರಾದ್ರೂ ಫ್ರೆಂಡ್ ಅಲ್ಲ."

ಕ್ಲಾಸಿನ ಹುಡುಗಿಯರ ಹೆಸರು ಹೇಳಿಕೊಡೋಣವೆಂದರೆ, ಡಾಕ್ಟರ್ ಶಾಲೆಗೆ ಫೋನ್ ಮಾಡಿ ವಿಚಾರಿಸಿದರೆ? ಭಯವಾಯಿತು. ಅದಕ್ಕೆ ನಾನೇ ಒಬ್ಬಳನ್ನು ಹುಟ್ಟಿಸಿದೆ. ಗುಂಗುರು ಕೂದಲಿನ ಹುಡುಗಿ, ಅದಕ್ಕೇ ಗುಂಗುರಿ ಅಂತ ಕರೆಯೋದು, ನಿನ್ನ ಪಕ್ಕದಲ್ಲೇ ಕೂರುತ್ತಾಳೆ ಎಂದೆ.

ಪುಟ್ಟಿ ತಲೆ ಎತ್ತಿದಳು. "ಯಾವ ಕಡೆ? ಕಿಟಕಿ ಕಡೆನಾ, ಬಾಗಿಲ ಕಡೆನಾ?"

"ಬಾಗಿಲ ಕಡೆ. ಕಿಟಕಿ ನಿಂಗೆ."

"ಅವಳು ಜೋರಾಗಿ ಮಾತಾಡ್ತಾಳಾ?"

"ಇಲ್ಲ, ಮೆತ್ತಗೆ."

"ಮುಟ್ತಾಳಾ?"

"ಕೇಳಿ ಮುಟ್ತಾಳೆ."

"ಬ್ರೆಡ್ಡಿಗೆ ಜಾಮ್ ತುದೀವರೆಗೂ ಹಚ್ಕೊಳ್ತಾಳಾ?"

"ಇಲ್ಲಪ್ಪ, ತುದಿ ಬಿಟ್ಟು ಹಚ್ಕೊಳ್ತಾಳೆ. ನಿನ್ನ ಥರಾನೇ."

ಇವರು ಬಂದು ಬಾಗಿಲು ತಟ್ಟುವವರೆಗೂ ಕೇಳುತ್ತಲೇ ಇದ್ದಳು, ನಾನು ಹೇಳುತ್ತಲೇ ಇದ್ದೆ. ನನ್ನ ಮಗಳು ನನ್ನ ಜೊತೆ ಇಷ್ಟು ಹೊತ್ತು ಮಾತಾಡಿದ್ದು ಇದೇ ಮೊದಲು. ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ, ಸದ್ದು ಕೇಳಿಸದಿರಲಿ ಅಂತ.

ಜೂನ್ ೨೭, ಗುರುವಾರ

ಮುಗಿಯಿತು!

ಡಾಕ್ಟರ್ ಹೆಂಗಸು, ನನಗಿಂತ ಚಿಕ್ಕವರೇ ಇರಬೇಕು. ಕೋಣೆಯಲ್ಲಿ ಪುಟ್ಟ ಕುರ್ಚಿ, ಗೊಂಬೆಗಳು. ಪುಟ್ಟಿ ಹೇಳಿಕೊಟ್ಟ ಹಾಗೇ ತಿರುಗಿದಳು, ಹೇಳಿಕೊಟ್ಟ ಹಾಗೇ ಹುಬ್ಬಿನ ನಡುವೆ ನೋಡಿದಳು. ಗೊಂಬೆಗೆ ಊಟ ಮಾಡಿಸಿ ಬಾಯಿ ಕೂಡ ಒರೆಸಿದಳು. ಫ್ರೆಂಡ್ ಯಾರು ಎಂದಾಗ ಗುಂಗುರಿಯ ವಿಷಯ ಗಡಗಡ ಹೇಳಿದಳು. ಡಾಕ್ಟರ್ ನಕ್ಕು, "ತುಂಬಾ ಇಷ್ಟ ಅಲ್ವಾ ನಿಂಗೆ ಗುಂಗುರಿ ಅಂದ್ರೆ?" ಎಂದರು. "ಹೌದು," ಎಂದಳು. ಅದು ನಾನು ಹೇಳಿಕೊಟ್ಟಿದ್ದಲ್ಲ.

ಆಮೇಲೆ ನನ್ನನ್ನು ಕೇಳಿದರು. ಸದ್ದಿಗೆ ಹೆದರುತ್ತಾಳಾ? ಇಲ್ಲ ಮೇಡಂ. ದಿನದ ಕ್ರಮ ತಪ್ಪಿದರೆ ಗಲಾಟೆ? ಇಲ್ಲ ಮೇಡಂ. ಬಟ್ಟೆ, ಊಟ? ಎಲ್ಲ ಸರಿ ಮೇಡಂ. ಹಾಗಾದರೆ ಶಾಲೆಯಲ್ಲಿ ಯಾಕೆ ಹೀಗೆ? ಆಯಾ ಒರಟು ಮೇಡಂ.

ಆಟಿಸಂ ಎನ್ನುವಷ್ಟು ಲಕ್ಷಣ ಸದ್ಯಕ್ಕೆ ಕಾಣುವುದಿಲ್ಲ ಎಂದು ಬರೆದುಕೊಟ್ಟಿದ್ದಾರೆ. ಬಸ್ಸಿನಲ್ಲಿ ಆ ಕಾಗದವನ್ನು ಎದೆಗೆ ಒತ್ತಿಕೊಂಡು ಕೂತಿದ್ದೆ. ನನ್ನ ಜನ್ಮದಲ್ಲಿ ಮೊದಲ ಸಲ ಏನೋ ಪಾಸಾದ ಹಾಗೆ.

ಪುಟ್ಟಿ ಎರಡು ಸೀಟಿನ ನಡುವೆ ಇಳಿದು ನನ್ನ ಕಾಲಿಗೆ ತಲೆ ಕೊಟ್ಟಿದ್ದಳು. ಸುಸ್ತಾಗಿರಬೇಕು.

ಜೂನ್ ೩೦, ಭಾನುವಾರ

ಮಂಚದ ಕೆಳಗಿಂದ ಬರುತ್ತಿಲ್ಲ. ಅಲ್ಲೇ ಬ್ರೆಡ್ ಕೊಟ್ಟೆ. ಉಗುರು ಕಚ್ಚಿ ಕಚ್ಚಿ ರಕ್ತ ಬಂದಿದೆ. ಮಾತಿಲ್ಲ, ಲಿಫ್ಟಿನ ಮಾತೂ ಇಲ್ಲ. ಜ್ವರ ನೋಡಿದರೆ ಇಲ್ಲ. ಎಲ್ಲ ಸರಿಯಾಗಿದೆ ಎಂದು ಬರೆದುಕೊಟ್ಟಿದ್ದಾರಲ್ಲ, ಮತ್ತೆ ಯಾಕೆ ಹೀಗೆ?

ಜುಲೈ ೨, ಮಂಗಳವಾರ

ರಿಪೋರ್ಟನ್ನು ಹೆಡ್ ಮೇಡಂ ಮುಂದೆ ಇಟ್ಟೆ. ಅವರು ಓದಿ ಕನ್ನಡಕ ತೆಗೆದರು. ಖುಷಿಪಡುತ್ತಾರೆ ಎಂದುಕೊಂಡಿದ್ದೆ.

"ಅಯ್ಯೋ. ಹೌದು ಅಂತ ಬಂದಿದ್ರೆ ಇವಳ ಜೊತೆಗೆ ಒಬ್ಬ ಟೀಚರನ್ನ ಹಾಕಿಸ್ಕೋಬಹುದಿತ್ತು. ಬೆಲ್ ಹೊಡೆಯೋಕೆ ಮುಂಚೆ ಹೊರಗೆ ಕಳಿಸ್ಬಹುದಿತ್ತು. ಎಲ್ಲಾ ಕೇಳಿಟ್ಟುಕೊಂಡಿದ್ದೆ ನಾನು. ಇದರಲ್ಲಿ ಇಲ್ಲ ಅಂತಿದೆ. ಹಾಗಾದ್ರೆ ಕಚ್ಚೋದು, ಕಿರುಚೋದು ಎಲ್ಲಾ ಬರೀ ಶಿಸ್ತಿನ ವಿಷಯ ಆಯ್ತಲ್ಲಮ್ಮ. ಬೇರೆ ಪೋಷಕರಿಗೆ ನಾನು ಏನು ಉತ್ತರ ಕೊಡ್ಲಿ?"

ನೆಲ ಬಿರಿಯಬಾರದಿತ್ತೇ? ರೇಡಿಯೋಗೆ ಹೇಳಿದರೆ, "ಎಲ್ಲಾ ಶಾಲೆಯೋರೂ ಒಂದೇ ಥರ ಇರಲ್ಲ ಕಣೇ, ನಾನೇನು ಕಂಡೆ" ಎಂದು ಪೆಚ್ಚಾದಳು. ಮಧ್ಯಾಹ್ನವೆಲ್ಲ ರೇಡಿಯೋ ಬಂದ್.

ಜುಲೈ ೫, ಶುಕ್ರವಾರ

ಮತ್ತೆ ಕರೆಸಿದರು. ಈ ವಾರವೆಲ್ಲ ಪುಟ್ಟಿ ಬೆಂಚಿನಲ್ಲಿ ಬಾಗಿಲ ಕಡೆ ತನ್ನ ಬ್ಯಾಗ್ ಇಟ್ಟು ಜಾಗ ಹಿಡಿಯುತ್ತಿದ್ದಾಳಂತೆ. ಇವತ್ತು ಒಬ್ಬ ಹುಡುಗಿ ಬ್ಯಾಗ್ ಸರಿಸಿ ಕೂತಳು. ಪುಟ್ಟಿ ತಳ್ಳಿದಳು. ಹುಡುಗಿಯ ಗದ್ದ ಬೆಂಚಿನ ಅಂಚಿಗೆ ಬಡಿದು ಹೊಲಿಗೆ ಹಾಕಿಸಬೇಕಾಯಿತು. ಅವಳ ಅಮ್ಮನೂ ಅಲ್ಲೇ ನಿಂತಿದ್ದರು, ಸೆರಗಿನ ತುಂಬಾ ರಕ್ತ.

"ಗುಂಗುರಿ ಜಾಗ, ಗುಂಗುರಿ ಬರ್ತಾಳೆ ಅಂತಾನೇ ಕಿರುಚ್ತಾಳೆ," ಎಂದರು ಮಿಸ್. "ಯಾರಮ್ಮ ಅದು ಗುಂಗುರಿ? ನಮ್ಮ ಶಾಲೇಲಿ ಆ ಥರ ಯಾರೂ ಇಲ್ಲ."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಪುಟ್ಟಿಯೂ. ಹುಬ್ಬಿನ ನಡುವೆ.

"ಗೊತ್ತಿಲ್ಲ," ಎಂದೆ.

ಜುಲೈ ೮, ಸೋಮವಾರ

ಗೇಟಿನ ಹತ್ತಿರ ನಿಂತುಬಿಟ್ಟಳು, ಒಳಗೆ ಹೋಗಲಿಲ್ಲ. ಗುಂಗುರು ಕೂದಲಿನ ಒಂದೊಂದು ಮಗು ಬಂದಾಗಲೂ ಮುಂದೆ ಹೋಗಿ ನೋಡಿ ವಾಪಸ್ ಬರುತ್ತಾಳೆ. ಮಣ್ಣಿನ ಮೇಲೆ ಮಂಡಿಯೂರಿ ಹೇಳಿದೆ.

"ಪುಟ್ಟಿ, ಗುಂಗುರಿ ಇಲ್ಲ ಕಂದ. ಅಮ್ಮ ಸುಮ್ಮನೆ ಹೇಳಿದ್ದು."

"ಇಲ್ಲ ಅನ್ನಬಾರದು."

"ಅದು ಡಾಕ್ಟರ ಹತ್ರ."

"ಅಮ್ಮ, ಇದ್ದಾಳೆ ಅಂತ ನೀನೇ ಅಂದಿದ್ದೆ. ಬಾಗಿಲ ಕಡೆ ಅಂದಿದ್ದೆ."

ಬೇರೆ ದಾರಿ ಕಾಣದೆ, "ಊರು ಬಿಟ್ಟು ಹೋದಳು" ಎಂದೆ. ಸುಳ್ಳಿನ ಮೇಲೆ ಸುಳ್ಳು.

"ಯಾವ ಬಸ್ಸು?"

ಬೆಲ್ ಹೊಡೆಯಿತು. ಮುಂದಿನದನ್ನು ಬರೆಯಲಾರೆ. ವಾಚ್‌ಮನ್ ಹಿಡಿಯಬೇಕಾಯಿತು. ಹೆಡ್ ಮೇಡಂ ಹೇಳಿದರು, ಸದ್ಯಕ್ಕೆ ಮನೆಯಲ್ಲೇ ಇಟ್ಟುಕೊಳ್ಳಿ, ಹತ್ತೊಂಬತ್ತಕ್ಕೆ ಶಾಲೆಯ ಸಮಿತಿ ಕೂರುತ್ತದೆ. ಹೊಸದೇನಾದರೂ ಕೈಯಲ್ಲಿಲ್ಲದಿದ್ದರೆ ಟಿ.ಸಿ. ಕೊಟ್ಟು ಕಳಿಸುವುದೇ ಅವರ ತೀರ್ಮಾನ ಆಗಬಹುದು. "ನನ್ನ ಕೈಲಿಲ್ಲಮ್ಮ," ಎಂದರು.

ಕಿಟಕಿ ಹತ್ತಿರ ಕೂತಿದ್ದಾಳೆ ಈಗ, ನಾನು ಇದನ್ನು ಬರೆಯುವಾಗ.

ಜುಲೈ ೧೦, ಬುಧವಾರ

ಬಿಟ್ಟುಬರಲು ಯಾರೂ ಇಲ್ಲ, ಲಾಂಡ್ರಿಗೇ ಕರೆದುಕೊಂಡು ಹೋದೆ. ಸಾಕ್ಸ್ ತಿರುವಿ ಹಾಕಿ, ಹಳೇ ದಾರಿಯಲ್ಲೇ. ಯಂತ್ರಗಳ ಸದ್ದಿಗೆ ಏನು ಮಾಡುತ್ತಾಳೋ ಎಂದು ದಾರಿಯುದ್ದಕ್ಕೂ ಯೋಚನೆ. ಹೋದವಳೇ ಮಡಿಸುವ ಮೇಜಿನ ಕೆಳಗೆ ನುಗ್ಗಿ ಕಿವಿ ಮುಚ್ಚಿಕೊಂಡಳು. ರೇಡಿಯೋ ಡ್ರೈಯರಿನಿಂದ ತೆಗೆದ ಬಿಸಿ ಟವೆಲುಗಳನ್ನು ಎಲ್ಲಿಡಲಿ ಎಂದು ತಿಳಿಯದೆ ಅಲ್ಲೇ ಕೆಳಗೆ ತಳ್ಳಿದಳು, ಒಂದು ರಾಶಿ ಪುಟ್ಟಿಯ ಮೇಲೇ ಬಿತ್ತು. ಕೂಗುತ್ತಾಳೆ ಎಂದು ನಾನು ಬಗ್ಗಿದೆ.

"ಇನ್ನೂ," ಎಂದಳು.

ಇನ್ನೂ ಹಾಕಿದೆವು. ಕುತ್ತಿಗೆಯವರೆಗೆ ಟವೆಲು. ಅಷ್ಟು ಭಾರದ ಕೆಳಗೆ ಅವಳ ಮುಖ ಸಡಿಲವಾಯಿತು. ಉಗುರು ಬಾಯಿಂದ ಇಳಿಯಿತು.

"ನೋಡೇ, ನಿನ್ನ ಮಗಳನ್ನ ಇಸ್ತ್ರಿಗೆ ಹಾಕ್ದಂಗಾಯ್ತು," ಎಂದಳು ರೇಡಿಯೋ. ನನಗೆ ನಗು ಬಂತು. ನಗುತ್ತಾ ನಗುತ್ತಾ ಅದು ಅಳುವಾಯಿತು. ಗುಂಗುರಿಯ ವಿಷಯ, ರಿಪೋರ್ಟಿನ ವಿಷಯ, ಎಲ್ಲ ಹೇಳಿಬಿಟ್ಟೆ. ರೇಡಿಯೋ ಬೆಡ್‌ಶೀಟಿನ ತುದಿ ಹಿಡಿದು ನಿಂತೇ ಇದ್ದಳು.

"ಮನೇಲಿ ಹೇಳಿದ್ಯಾ?" ಎಂದಳು ಕೊನೆಗೆ.

ಮೇಜಿನ ಕೆಳಗೆ ಪುಟ್ಟಿ ಒಂದು ಬದಿಗೆ ಸರಿದು ಮಲಗಿದ್ದಳು. ಅಷ್ಟು ಜಾಗವಿದ್ದರೂ ಗೋಡೆಗೆ ಅಂಟಿಕೊಂಡು. ಬಾಗಿಲ ಕಡೆ ಖಾಲಿ ಬಿಟ್ಟು.

ಜುಲೈ ೧೧, ಗುರುವಾರ

ಇವರಿಗೆ ಹೇಳಿದೆ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಕೈಗೆ ಹತ್ತಿದ ಗ್ರೀಸನ್ನು ಒರೆಸಿಕೊಳ್ಳುತ್ತಲೇ ಇದ್ದರು.

"ತಪಾಸಣೆಗೆ ಬರ್ತಾರೆ ಅಂದ್ರೆ ಕೆಲವರು ಲಿಫ್ಟಿನ ಹಗ್ಗಕ್ಕೆ ಚೆನ್ನಾಗಿ ಗ್ರೀಸ್ ಬಳಿದಿಡ್ತಾರೆ. ಸವೆದಿದ್ದು ಕಾಣಲ್ಲ. ಒಳಗಿರೋ ಜನಕ್ಕೆ ಗೊತ್ತಾಗೋದು ಆಮೇಲೆ."

"ನಾನು ಕೆಟ್ಟವಳಾ ರೀ?"

"ನೀನು ಹೆದರಿದೋಳು," ಎಂದರು. "ನಾನೇನು ಕಮ್ಮಿ? ಸರಿಹೋಗುತ್ತೆ ಅಂದ್ಕೊಂಡು ಕೂತೆ."

ಜುಲೈ ೧೨, ಶುಕ್ರವಾರ

ಆಸ್ಪತ್ರೆಯ ಕೌಂಟರಿನವಳು ಕಂಪ್ಯೂಟರ್ ನೋಡಿ, "ಅಕ್ಟೋಬರ್" ಎಂದಳು. ಬೇಡಿಕೊಂಡೆ. "ಎಲ್ಲಾರದೂ ಅರ್ಜೆಂಟೇ ಅಮ್ಮ," ಎಂದಳು. ಅದೂ ನಿಜವೇ, ನನ್ನ ಹಿಂದೆ ನಿಂತವರ ಮುಖ ನೋಡಿದೆ.

ಡಾಕ್ಟರ ಕೋಣೆಯ ಹೊರಗೆ ಗೋಡೆಗೆ ಒರಗಿ ನಿಂತೆ. ಊಟದ ಹೊತ್ತಿಗೆ ಬಾಗಿಲು ತೆರೆಯಿತು. ಅಡ್ಡ ನಿಂತು ಒಂದೇ ಉಸಿರಿನಲ್ಲಿ ಹೇಳಿದೆ. ಸ್ಟೂಲು, ಹುಬ್ಬು, ಗೊಂಬೆ, ಗುಂಗುರಿ. ನೀವು ಕೇಳಿದ್ದಕ್ಕೆಲ್ಲ ನಾನು ಹೇಳಿದ್ದು ಸುಳ್ಳು. ಸದ್ದಿಗೆ ಹೆದರುತ್ತಾಳೆ, ಸಾಕ್ಸಿನ ಹೊಲಿಗೆಗೆ ಹೆದರುತ್ತಾಳೆ, ದಾರಿ ತಪ್ಪಿದರೆ ರಸ್ತೆಯಲ್ಲಿ ಕೂರುತ್ತಾಳೆ.

ಡಾಕ್ಟರ ಮುಖ ಕೆಂಪಾಯಿತು. "ನನ್ನ ಟೈಮ್ ಬಿಡಿ. ಆ ಮಗು ಅವತ್ತು ಎಷ್ಟು ಕಷ್ಟಪಟ್ಟಿರಬೇಕು ಗೊತ್ತಾ ನಿಮಗೆ?"

"ಮಂಚದ ಕೆಳಗೆ ಇದ್ದಳು. ಮೂರು ದಿನ."

ಅವರು ಅಲ್ಲೇ ಬೆಂಚಿನ ಮೇಲೆ ಕೂತರು, ನನ್ನನ್ನೂ ಕೂರಿಸಿದರು. "ಹೆಣ್ಣುಮಕ್ಕಳಲ್ಲಿ ಇದು ಬೇಗ ಗೊತ್ತಾಗಲ್ಲ. ಯಾರೂ ಹೇಳಿಕೊಡದೇ ಇದ್ದರೂ ಎಷ್ಟೋ ಜನ ಬೇರೆಯವರನ್ನ ನೋಡಿ ನೋಡಿ ಅದೇ ಥರ ನಡ್ಕೊಳ್ತಾರೆ. ಹೊರಗೆ ಸರಿ ಕಾಣುತ್ತೆ, ಒಳಗೆ ಸುಸ್ತಾಗಿಹೋಗಿರ್ತಾರೆ. ನಾನೂ ಶಾಲೆಯೋರನ್ನ ವಿಚಾರಿಸಬೇಕಿತ್ತು, ಬಿಟ್ಟೆ. ಇದು ಕಾಯಿಲೆ ಅಲ್ಲಮ್ಮ, ಔಷಧಿ ಕುಡಿಸಿ ಓಡಿಸೋದಕ್ಕೆ. ಅವಳಿಗೆ ಲೋಕ ಕೇಳಿಸೋದು, ಮುಟ್ಟೋದು ಬೇರೆ ಥರ, ಅಷ್ಟೇ. ಅವಳನ್ನ ತಿದ್ದೋದಕ್ಕಿಂತ ಅವಳ ಸುತ್ತ ಇರೋದನ್ನ ಸ್ವಲ್ಪ ತಿದ್ದಬೇಕು."

"ಕಿಟಕಿ ಹತ್ರ ಕೂತುಬಿಡ್ತಾಳಾ ಮೇಡಂ?"

ಅವರಿಗೆ ಅರ್ಥವಾಗಲಿಲ್ಲ. ಸೋಮವಾರ ಬೇರೆಯವರು ಬರುವ ಮುಂಚೆ ಕರೆತನ್ನಿ ಎಂದರು. "ಏನೂ ಹೇಳಿಕೊಡಬೇಡಿ. ತಲೆ ಕೂಡ ಬಾಚಬೇಡಿ, ಅವಳಿಗೆ ಬೇಡ ಅಂದ್ರೆ."

ಜುಲೈ ೧೫, ಸೋಮವಾರ

ಮೂವರೂ ಹೋದೆವು. ಬಸ್ಸಿನಲ್ಲಿ ಪುಟ್ಟಿ ಕಿಟಕಿ ಪಕ್ಕ ಕೂತು, ನನ್ನ ಮತ್ತು ತನ್ನ ನಡುವೆ ಒಂದು ಅಂಗೈ ಜಾಗ ಬಿಟ್ಟಳು. ಹಾರ್ನ್ ಕೇಳಿ ಕಿರುಚಿದಾಗ ಎದುರಿಗೆ ನಿಂತಿದ್ದ ಮುದುಕರು, "ಬಾಯಿ ಮುಚ್ಚಿಸ್ರಮ್ಮ" ಎಂದರು. "ಸದ್ದು ಅವಳಿಗೆ ಜಾಸ್ತಿ ಕೇಳ್ಸುತ್ತೆ. ನೀವು ಆಚೆ ನಿಂತ್ಕೊಳ್ಳಿ," ಎಂದೆ. ಇವರು ನನ್ನನ್ನು ತಿರುಗಿ ನೋಡಿದರು. ಯಾಕೋ.

ಪುಟ್ಟಿ ಮತ್ತೆ ಹುಬ್ಬಿನ ನಡುವೆ ನೋಡಿದಳು. ಡಾಕ್ಟರ್, "ನಿಂಗೆ ಎಲ್ಲಿ ಬೇಕೋ ಅಲ್ಲಿ ನೋಡು, ನನ್ನನ್ನೇ ನೋಡ್ಬೇಕಾಗಿಲ್ಲ" ಎಂದರು. ಪುಟ್ಟಿ ನನ್ನ ಕಡೆ ತಿರುಗಿದಳು. ಹೂಂ ಎಂದೆ. ಅವಳು ಕುರ್ಚಿಯಿಂದ ಇಳಿದು ಮೇಜಿನ ಕೆಳಗೆ ಕೂತಳು. ಡಾಕ್ಟರೂ ನೆಲದ ಮೇಲೆ ಕೂತರು. ಗೊಂಬೆಗೆ ಗಂಟಲಿಲ್ಲ ಎಂಬ ವಿಷಯ ಅವರಿಗೂ ತಿಳಿಯಿತು.

ಕೊನೆಗೆ ಅದು ಬಂತು.

"ಗುಂಗುರಿ ಹೇಗಿದ್ದಾಳೆ?"

ಪುಟ್ಟಿ ಮೇಜಿನ ಕಾಲಿಗೆ ಬೆನ್ನು ಒತ್ತಿಕೊಂಡಳು. "ಅಮ್ಮ ಮಾಡಿದ್ದು," ಎಂದಳು.

"ಹಾಗಾದ್ರೆ ಬೇರೆ ಫ್ರೆಂಡ್ ಬೇಕಾ ನಿಂಗೆ?"

"ಬಾಗಿಲುಗಳು ಮುಚ್ಚುತ್ತಿವೆ. ದಯವಿಟ್ಟು ದೂರ ನಿಲ್ಲಿ."

ಡಾಕ್ಟರ್ ಬರೆದುಕೊಂಡರು. ಇವರು ಮುಖ ಆಚೆ ತಿರುಗಿಸಿ ಕಣ್ಣು ಒರೆಸಿಕೊಂಡರು.

ಜುಲೈ ೧೮, ಗುರುವಾರ

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ರಿಪೋರ್ಟ್ ಸಿಕ್ಕಿತು. ಆಟಿಸಂ ಸ್ಪೆಕ್ಟ್ರಂ ಎಂದು ಮೊದಲನೇ ಸಾಲಿನಲ್ಲೇ ಇದೆ. ಹೆಡ್ ಮೇಡಂಗೆ ಡಾಕ್ಟರೇ ಫೋನ್ ಮಾಡಿದ್ದಾರಂತೆ, ನಾಳೆ ಸಮಿತಿಯ ಮುಂದೆ ಈ ಕಾಗದ ಇಟ್ಟರೆ ಸೀಟು ಉಳಿಯಬಹುದು, ಜೊತೆಗೆ ಟೀಚರೂ ಸಿಗಬಹುದು. ಉಳಿಯದೆಯೂ ಇರಬಹುದು, ಗದ್ದಕ್ಕೆ ಹೊಲಿಗೆ ಬಿದ್ದ ಹುಡುಗಿಯ ಅಪ್ಪನೂ ಸಮಿತಿಯಲ್ಲಿದ್ದಾರೆ.

ಬಸ್ ಸ್ಟಾಪಿನವರೆಗೆ ಹೋಗಿದ್ದೆವು. ಬೆರಳಿಟ್ಟು ಒಂದೊಂದೇ ಪದ ಓದಿಕೊಂಡು ಬರುತ್ತಿದ್ದೆ. ಸದ್ದು ಸಹಿಸುವುದಿಲ್ಲ, ಸರಿ. ಬದಲಾವಣೆ ಆಗದು, ಸರಿ. ಕೇಳಿದ ಮಾತುಗಳನ್ನೇ ಬಳಸಿ ಮಾತಾಡುತ್ತಾಳೆ, ಸರಿ. ಅದರ ಕೆಳಗೆ, "ಇತರ ಮಕ್ಕಳ ಗೆಳೆತನದಲ್ಲಿ ಆಸಕ್ತಿ ಇಲ್ಲ."

ಅಲ್ಲಿಗೆ ಬೆರಳು ನಿಂತಿತು.

"ಬಸ್ ಬಂತು, ನಡಿಯೇ," ಎಂದರು ಇವರು. "ಬೇಕಾಗಿದ್ದು ಸಿಕ್ತಲ್ಲ. ಡಾಕ್ಟರಿಗೆ ಮತ್ತೆ ತೊಂದರೆ ಕೊಟ್ರೆ ಇದ್ದಿದ್ದೂ ಹೋದೀತು."

ಹೋದೀತು, ಅದೂ ಗೊತ್ತು. ಆದರೆ ಈ ಕಾಗದ ನಾಳೆ ಶಾಲೆಗೆ ಹೋಗುತ್ತದೆ. ಓದಿದ ಟೀಚರು ಅವಳನ್ನು ಒಂದು ಮೂಲೆಯಲ್ಲಿ ಒಂಟಿಯಾಗಿ ಕೂರಿಸುತ್ತಾರೆ, ಅವಳಿಗೆ ಅದೇ ಇಷ್ಟ ಎಂದುಕೊಂಡು. ಮುಂದಿನ ಕ್ಲಾಸಿನವರೂ, ಅದರ ಮುಂದಿನವರೂ. ಇವರನ್ನೂ ಪುಟ್ಟಿಯನ್ನೂ ಸ್ಟಾಪಿನಲ್ಲೇ ಬಿಟ್ಟು ಓಡಿ ಬಂದಿದ್ದೇನೆ. ಡಾಕ್ಟರ್ ಒಳಗೆ ಇನ್ನೊಂದು ಮಗುವನ್ನು ನೋಡುತ್ತಿದ್ದಾರೆ. ದೊಡ್ಡವರ ಎದುರಿಗೆ ನಿಂತರೆ ನನ್ನ ಬಾಯಿ ಕಟ್ಟುತ್ತದೆ, ಅದಕ್ಕೆ ಹೇಳಬೇಕಾದ್ದನ್ನು ಇಲ್ಲಿ ಬರೆದಿಟ್ಟುಕೊಳ್ಳುತ್ತಿದ್ದೇನೆ. ಮಾತು ಬರದಿದ್ದರೆ ಪುಸ್ತಕವನ್ನೇ ಅವರ ಕೈಗೆ ಕೊಡುತ್ತೇನೆ.

ಡಾಕ್ಟ್ರೇ, ಬೇರೆ ಎಲ್ಲ ಸರಿಯಾಗಿದೆ, ಒಂದಕ್ಷರವನ್ನೂ ಅಳಿಸಬೇಡಿ. ನೀವು ಫ್ರೆಂಡ್ ಬೇಕಾ ಎಂದಾಗ ಅವಳು ಬೇಡ ಅನ್ನಲಿಲ್ಲ, ಬಾಗಿಲು ಮುಚ್ಚುತ್ತಿದೆ ಎಂದಳು. ತುಂಬಾ ನೋವಾದಾಗ ಅವಳ ಹತ್ತಿರ ಇರುವ ಮಾತು ಅದೊಂದೇ. ಇಲ್ಲದ ಹುಡುಗಿಗೆ ಅವಳು ಬೆಂಚಿನಲ್ಲಿ ಜಾಗ ಹಿಡಿದಿದ್ದಾಳೆ, ಮೇಜಿನ ಕೆಳಗೆ, ಬಸ್ಸಿನಲ್ಲಿ ಬಿಟ್ಟಿದ್ದಾಳೆ. ಈಗಲೂ ಸ್ಟಾಪಿನ ಕಲ್ಲಿನ ಮೇಲೆ ಒಂದು ತುದಿಗೇ ಕೂತಿದ್ದಾಳೆ, ಬೇಕಾದರೆ ಬಂದು ನೋಡಿ. ಗೆಳೆತನದಲ್ಲಿ ಆಸಕ್ತಿ ಇಲ್ಲ ಎಂದು ಬರೆದಿದ್ದೀರಲ್ಲ, ಆ ಒಂದು ಸಾಲನ್ನು ಮಾತ್ರ ಇನ್ನೊಂದು ಸಲ ನೋಡಿ.